ಪುಸ್ತಕದ ಬೆನ್ನಿಗೆ ಒಂದು ಹೆಸರು

"ಇದನ್ನ ಮಾಡಿದ್ದು ಯಾರು?"

ಬೈಂಡಿಂಗ್ ಅಂಗಡಿಯ ಬಾಗಿಲಲ್ಲಿ ನಿಂತು ಅವಳು ಹಾಗೆ ಕೇಳಿದ್ದಕ್ಕೆ ಕಾಗದ ಕತ್ತರಿಸುವ ಯಂತ್ರವೇ ನಿಂತುಹೋಯಿತು ಎಂದರೆ ಸುಳ್ಳಾಗುತ್ತದೆ. ಯಂತ್ರ ನಿಲ್ಲಲಿಲ್ಲ. ಅದರ ಮುಂದಿದ್ದವನು ತಲೆ ಎತ್ತಿದ, ಎತ್ತಿದವನ ಮುಖ ಊರಗಲ ಆಯಿತು. ಪೆದ್ದ! ಅವಳು ಥ್ಯಾಂಕ್ಸ್ ಹೇಳಲು ಬಂದಿದ್ದಾಳೆ ಎಂದುಕೊಂಡಿದ್ದ. ಅಂಟಿನ ಕೆಲಸದವನಾದರೂ ಅವತ್ತು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ.

"ನಾನೇ," ಅಂದ ಬೈಂಡರ್, ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ. "ಮೂರು ಸಲ ಒತ್ತಿ ಕೆಡಿಸಿದೆ. ನಾಲ್ಕನೇ ಸಲಕ್ಕೆ ಸರಿಯಾಗಿ ಬಂತು. ಇಷ್ಟ ಆಯ್ತಾ?"

"ಇಷ್ಟನಾ?" ಅವಳು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. "ಬದುಕನ್ನ ಮೂರಾಬಟ್ಟೆ ಮಾಡಿಟ್ಟು ಇಷ್ಟ ಆಯ್ತಾ ಅಂತ ಕೇಳ್ತೀರಲ್ಲ, ಏನು ಮನುಷ್ಯರು ನೀವು?"

ಪುಸ್ತಕ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಕಡುನೀಲಿ ಬಟ್ಟೆ ಹೊದಿಸಿದ ರಟ್ಟು, ಕೈಯಲ್ಲೇ ಹೊಲಿದ ಹಾಳೆ, ಬೆನ್ನಿನ ಮೇಲೆ ಚಿನ್ನದ ಅಕ್ಷರ. ಪುಸ್ತಕದಂಗಡಿಯಲ್ಲಿ ಮಾರುವ ಪ್ರತಿಗಳ ಬೆನ್ನಿನ ಮೇಲೆ ಬರೆದವರ ಹೆಸರು 'ಕಾಜ' ಎಂದಿತ್ತು. ಈ ಒಂದು ಪ್ರತಿಯ ಮೇಲೆ ಮಾತ್ರ ಅವಳ ಸ್ವಂತ ಹೆಸರು ಹೊಳೆಯುತ್ತಿತ್ತು. ಒಂದು ವರ್ಷದಿಂದ ಬಚ್ಚಿಟ್ಟುಕೊಂಡು ಬಂದಿದ್ದು ಅದೇ ಹೆಸರನ್ನು.

"ಉಡುಗೊರೆ ಅದು," ಅಂದ ಅವನು. ಮುಖ ಈಗ ಇಳಿಯತೊಡಗಿತ್ತು. "ನಿಮಗೊಬ್ಬರಿಗೇ."

"ನನಗೊಬ್ಬಳಿಗೇ ಆಗಿದ್ರೆ ನನ್ನ ಕೈಗೆ ಕೊಡಬೇಕಿತ್ತು. ಪಾರ್ಸಲ್ ಮಾಡಿ ನನ್ನ ಅಂಗಡಿಗೆ ಕಳಿಸಿದ್ರಿ. ನಾನು ನಿನ್ನೆ ಗಿರಾಕಿ ಮನೆಗೆ ಬಟ್ಟೆ ಟ್ರಯಲ್‌ಗೆ ಅಂತ ಹೋಗಿದ್ದೆ. ಚಿಕ್ಕಮ್ಮ ಬಿಚ್ಚಿದ್ರು."

"ಅಯ್ಯೋ."

"ಈಗ ಅನ್ನಿ ಅಯ್ಯೋ!"

ಚಿಕ್ಕಮ್ಮ ಎಂದರೆ ಅವಳ ಅಂಗಡಿಯಲ್ಲಿ ಹುಕ್ಕು, ಗುಂಡಿ, ಅಂಚು ನೋಡಿಕೊಳ್ಳುವ ಹಿರಿಯ ಹೆಂಗಸು. ಅವರಿಗೆ ಅಕ್ಷರ ಬರುತ್ತದೆ, ಬಾಯಿಗೆ ಬೀಗ ಹಾಕುವುದು ಮಾತ್ರ ಬರುವುದಿಲ್ಲ. ಚಿನ್ನದ ಅಕ್ಷರದಲ್ಲಿ ಮಗಳಂಥವಳ ಹೆಸರು ಕಂಡದ್ದೇ ತಡ, ಅತ್ತು, ಕಣ್ಣೊರೆಸಿಕೊಂಡು, ಬೆಂಚಿನಲ್ಲಿ ಕಾಯುತ್ತಿದ್ದ ಏಳು ಜನ ಗಿರಾಕಿಗಳಿಗೆ ತೋರಿಸಿದ್ದರು. ಏಳು ಜನಕ್ಕೆ ತೋರಿಸಿದರೆ ಊರಿಗೆ ತೋರಿಸಿದ ಹಾಗೆ. ಸಂಜೆಯೊಳಗೆ ಕಾಜ ಯಾರು ಅನ್ನುವುದು ಊರಿಗೆಲ್ಲ ಗೊತ್ತಾಗಿತ್ತು.

"ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ರಿ," ಅಂದಳು ಅವಳು.

"ಬಾಯಿ ಬಿಟ್ಟಿಲ್ಲ..."

"ಚಿನ್ನದಲ್ಲಿ ಬರೆದ್ರಿ! ಬಾಯಲ್ಲಿ ಹೇಳಿದ್ರೆ ಗಾಳಿಗಾದ್ರೂ ಹೋಗ್ತಿತ್ತು."

ಅವಳು ಹೆಂಗಸರ ಉಡುಪಿನ ಟೈಲರ್. ಅಂಗಡಿಯ ಹಿಂಭಾಗದಲ್ಲಿ ಪರದೆ ಎಳೆದ ಆರಡಿಯ ಅಳತೆ ಕೋಣೆ, ಒಂದು ಕನ್ನಡಿ, ಒಂದು ಸ್ಟೂಲು. ಟೇಪು ಹಿಡಿದು ಕೈ ಎತ್ತಿ ಅಂದರೆ ಸಾಕು, ಕೈ ಎತ್ತಿದವರ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಹದಿನಾಲ್ಕು ವರ್ಷ ಅವಳು ಹೂಂಗುಟ್ಟಿಕೊಂಡೇ ಅಳತೆ ಬರೆದಳು. ಆಮೇಲೆ ಒಂದು ದಿನ ಅಳತೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಕಾದಂಬರಿ ಬರೆಯತೊಡಗಿದಳು. ಬಿರುಬೇಸಗೆಯಲ್ಲೂ ಮಣಿಕಟ್ಟು ಮುಚ್ಚುವ ಹಾಗೆ ಉದ್ದ ತೋಳನ್ನೇ ಹೊಲಿಸಿಕೊಳ್ಳುವ ಒಬ್ಬ ಹೆಂಗಸಿನ ಕಥೆ ಅದು.

ಪ್ರಕಾಶಕರು ಹಸ್ತಪ್ರತಿ ಓದಿ ಕನ್ನಡಕ ತೆಗೆದಿದ್ದರು. "ಚೆನ್ನಾಗಿದೆಯಮ್ಮಾ. ಆದ್ರೆ ಹೆಣ್ಣಿನ ಹೆಸರು ಹಾಕಿದ್ರೆ ಜನ ಅಡುಗೆ ಪುಸ್ತಕ ಅಂದ್ಕೋತಾರೆ. ಏನಾದ್ರೂ ಗಟ್ಟಿಯಾದ್ದು ಹುಡುಕು." ಅವಳಿಗೆ ಮೈ ಉರಿದುಹೋಯಿತು. ಆದರೂ ಕಾಜ ಎಂದು ಬರೆದುಕೊಟ್ಟಳು. ಗುಂಡಿ ತೂರಿಸಲು ಬಟ್ಟೆಯಲ್ಲಿ ಕತ್ತರಿಸಿ, ಹರಿಯದಂತೆ ಸುತ್ತಲೂ ಹೊಲಿಯುವ ತೂತಿಗೆ ಕಾಜ ಎನ್ನುತ್ತಾರೆ. ತಮ್ಮ ಮಾತಿಗೇ ಇವಳು ಒಪ್ಪಿದಳು ಎಂದು ಪ್ರಕಾಶಕರು ಬೀಗಿದರು. ಅವಳ ಕಾರಣ ಬೇರೆಯೇ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಬೈಂಡರ್ ಅವಳನ್ನು ಕಂಡುಹಿಡಿದದ್ದು ದಾರದಿಂದ. ಹಸ್ತಪ್ರತಿಯ ಅಂಚನ್ನು ಅವಳು ಕಾಜದ ಹೊಲಿಗೆಯಲ್ಲೇ ಹೊಲಿದಿದ್ದಳು. ಅದನ್ನು ಬಿಚ್ಚಲು ಪ್ರಕಾಶಕರು ಇವನ ಕೈಗೆ ಕೊಟ್ಟರು. ಇವನೂ ಸೂಜಿ ಹಿಡಿಯುವವನೇ. ಇದು ಬಟ್ಟೆ ಹೊಲಿಯುವವರ ಕೈ ಎಂದು ಗೊತ್ತಾಗಿ, ಬೂದುಬಣ್ಣದ ದಾರದ ತುಂಡು ಹಿಡಿದುಕೊಂಡು ಊರಿನ ಒಂಬತ್ತು ಟೈಲರ್ ಅಂಗಡಿ ಅಲೆದು, ಹತ್ತನೆಯದಕ್ಕೆ ಬಂದು, "ಈ ದಾರ ನಿಮ್ಮದಾ ಮೇಡಂ?" ಎಂದು ಕೇಳಿದ್ದ. ಅವಳ ಕೈಯ ಕತ್ತರಿ ಕೆಳಗೆ ಬಿತ್ತು. "ಹೆದರಬೇಡಿ, ಯಾರಿಗೂ ಹೇಳಲ್ಲ," ಅಂದ. "ನಾಲ್ಕನೇ ಅಧ್ಯಾಯ ಓದಿ ಅತ್ತುಬಿಟ್ಟೆ. ಅದನ್ನ ಹೇಳೋಕೆ ಬಂದೆ."

ಆಮೇಲೆ ಅವನ ಅಂಗಿಗಳಿಗೆ ಏನು ಕೇಡು ಬಂತೋ, ವಾರಕ್ಕೊಂದು ಗುಂಡಿ ಉದುರತೊಡಗಿತು.

"ಮತ್ತೆ ಬಿತ್ತಾ?" ಎಂದು ಅವಳು ಕೇಳುತ್ತಿದ್ದಳು.

"ಬಿತ್ತು. ಕಳಪೆ ದಾರ ಮೇಡಂ."

ದಾರ ಕಳಪೆಯಾಗಿದ್ದರೆ ಎಳೆ ಎಳೆಯಾಗಿ ಕಿತ್ತು ಬರಬೇಕು. ಇದು ಬೈಂಡರ್ ಚಾಕುವಿನಲ್ಲಿ ನೀಟಾಗಿ ಕತ್ತರಿಸಿದ ದಾರ. ಅವಳಿಗೆ ಮೊದಲ ವಾರವೇ ಗೊತ್ತಾಗಿತ್ತು. ಹೇಳಲಿಲ್ಲ. ಅಂಗಿ ಬಿಚ್ಚದೆ ಮೈಮೇಲೇ ಗುಂಡಿ ಹೊಲಿದುಕೊಡುತ್ತಿದ್ದಳು. ಅವನು ಉಸಿರು ಬಿಗಿಹಿಡಿದು ಛಾವಣಿ ನೋಡುತ್ತಿದ್ದ. ದಾರವನ್ನು ಹಲ್ಲಿನಲ್ಲಿ ಕಡಿಯಲು ಅವಳು ಬಗ್ಗಿದಾಗ ಅವನ ಕಿವಿ ಕೆಂಪಾಗುತ್ತಿತ್ತು. ಕತ್ತರಿ ಪಕ್ಕದಲ್ಲೇ ಇರುತ್ತಿತ್ತು, ಅವಳಿಗದು ಬೇಕಿರಲಿಲ್ಲ. ಚಿಕ್ಕಮ್ಮ ಗೋಡೆಗೆ ಹೇಳುವಂತೆ, "ಕೆಲವರ ಅಂಗಿಗೆ ಗುಂಡಿಗಿಂತ ಗುಂಡಿಗೆಯೇ ಸಡಿಲ," ಅನ್ನುತ್ತಿದ್ದರು.

ಇಷ್ಟೆಲ್ಲ ಆದ ಮೇಲೆ ಈಗ ಈ ಪುಸ್ತಕ.

"ಪೇಪರಲ್ಲಿ ಬಂದಿದ್ದು ಓದಿದ್ರಾ?" ಅವನಿಗೂ ಈಗ ದನಿ ಏರಿತು. "'ಹೆಣ್ಣಿನ ಮನಸ್ಸಿನೊಳಗೆ ಹೊಕ್ಕು ಬಂದ ಪುರುಷ' ಅಂತೆ! ರಿಟೈರ್ಡ್ ಜಡ್ಜ್ ಇರಬೇಕು ಅಂತೆ! ಬರೆದಿದ್ದು ನೀವು, ಮೆಚ್ಚುಗೆ ಯಾವನೋ ಇಲ್ಲದ ಗಂಡಸಿಗೆ. ನನಗೆ ಸಹಿಸೋಕೆ ಆಗಲಿಲ್ಲ. ಒಂದು ಪುಸ್ತಕದ ಮೇಲಾದ್ರೂ ನಿಮ್ಮ ಹೆಸರು ಇರಲಿ ಅನ್ನಿಸ್ತು."

"ಅದನ್ನ ಓದಿ ನನಗೆ ಉರಿದಿಲ್ಲ ಅಂದ್ಕೊಂಡ್ರಾ? ಆ ಪೇಪರಲ್ಲೇ ಪ್ಯಾಟರ್ನ್ ಕತ್ತರಿಸಿದೆ ನಾನು. ಆದ್ರೆ ಉರಿ ನಂದು. ಹೆಸರು ನಂದು. ನನ್ನ ಸಿಟ್ಟನ್ನ ನೀವು ಎತ್ಕೊಂಡು ಹೋಗಿ ನಿಮಗೆ ಬೇಕಾದ ಹಾಗೆ ಖರ್ಚು ಮಾಡಿಬಿಟ್ರಿ. ನನ್ನ ಒಂದು ಮಾತು ಕೇಳಿದ್ರಾ?"

ಅವನು ಯಂತ್ರ ನಿಲ್ಲಿಸಿದ.

"ಆ ಹೆಸರು ನಾನು ನನಗೋಸ್ಕರ ಮುಚ್ಚಿಟ್ಟಿರಲಿಲ್ಲ," ಎಂದು ಹೇಳಿ ಅವಳು ಹೊರಟಳು. ನೀಲಿ ಪುಸ್ತಕವನ್ನು ಅಲ್ಲೇ ಬಿಡಬೇಕೆಂದಿದ್ದಳು. ಬಿಡಲಾಗಲಿಲ್ಲ, ತೆಗೆದುಕೊಂಡೇ ಹೋದಳು. ಅದಕ್ಕೂ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆ ವಾರ ಅಂಗಡಿಗೆ ಗಿರಾಕಿಗಳು ಬಂದರು, ಬಾಯಿಗಳು ಬರಲಿಲ್ಲ. "ಅಳತೆ ಬೇಡ, ಹಳೇ ಬಟ್ಟೆ ತಂದಿದೀನಿ, ಇದನ್ನೇ ನೋಡ್ಕೊಂಡು ಹೊಲೀರಿ," ಎಂದು ಒಬ್ಬರ ಹಿಂದೆ ಒಬ್ಬರು ಗಂಟು ಕೊಟ್ಟು ಬೆಂಚಿನ ತುದಿಯಿಂದಲೇ ಎದ್ದುಹೋದರು. ಅಳತೆ ಕೋಣೆಯ ಪರದೆ ಇಡೀ ವಾರ ಅಲುಗಲಿಲ್ಲ. ಚಿಕ್ಕಮ್ಮ ತಪ್ಪು ಮಾಡಿದವರಂತೆ ಮೂಲೆಯಲ್ಲಿ ಕೂತು ಹೊಲಿದ ಹುಕ್ಕನ್ನೇ ಬಿಚ್ಚಿ ಹೊಲಿದರು.

ಆದರೆ ಅವಳ ಎದೆಗೆ ಕೊಕ್ಕೆ ಹಾಕಿದ್ದು ಬೇರೆ ಒಂದು ವಿಷಯ. ಲೈನಿಂಗ್ ಬಟ್ಟೆಗಳ ಕಪಾಟಿನಲ್ಲಿ, ಹಿಂದೆ, ಒಂದು ಕಂದು ಚೀಲ ಇತ್ತು. ಅದು ಹೆಡ್‌ಮಾಸ್ಟರ್ ಹೆಂಡತಿಯದು. ಎರಡು ಜೊತೆ ಬಟ್ಟೆ, ಓದಿದ ಸರ್ಟಿಫಿಕೇಟುಗಳು, ಬೇರೆ ಊರಿನ ಆಸ್ಪತ್ರೆಯೊಂದರ ಲ್ಯಾಬಿನ ಕೆಲಸದ ಪತ್ರ. ಒಂದನೇ ತಾರೀಖಿಗೆ ಸೇರಬೇಕು. ಮನೆಯಲ್ಲಿಟ್ಟರೆ ಗಂಡನ ಕೈಗೆ ಸಿಗುತ್ತದೆಂದು ಇಲ್ಲಿ ತಂದಿಟ್ಟಿದ್ದಳು. ಉದ್ದ ತೋಳಿನ ಹೆಂಗಸು ಅವಳೇ. ಕಥೆ ಬರೆಯಲಾ ಎಂದು ಟೈಲರ್ ಕೇಳಿದಾಗ ಅವಳು ಕನ್ನಡಿಯಲ್ಲೇ ನೋಡುತ್ತಾ ಹೇಳಿದ್ದಳು: "ಬರೀ ಅಕ್ಕಾ. ಹೆಸರು ಮಾತ್ರ ಬೇಡ. ನಂದೂ ಬೇಡ, ನಿಂದೂ ಬೇಡ. ನಿನ್ನ ಹೆಸರು ಗೊತ್ತಾದ್ರೆ ನಂದು ಗೊತ್ತಾದ ಹಾಗೇ."

ಕಾಜ ಎನ್ನುವುದು ಅವಳಿಗೆ ಕೊಟ್ಟ ಮಾತಾಗಿತ್ತು.

ಎಂಟನೇ ದಿನ ಹೆಡ್‌ಮಾಸ್ಟರೇ ಬಂದರು. ತಿದ್ದಿ ತೀಡಿದ ಮೀಸೆ, ಮೃದುವಾದ ಮಾತು. "ನಮ್ಮನೆಯವರ ಹೊಲಿಯದ ಬಟ್ಟೆ ಇದ್ರೆ ಕೊಡಿ. ಇನ್ನು ಅವರು ಇಲ್ಲಿಗೆ ಬರಲ್ಲ. ನಿಮ್ಮ ಪುಸ್ತಕ ಓದಿದೆ. ಕಲ್ಪನೆ ಚೆನ್ನಾಗಿದೆ." ನಗುತ್ತಲೇ ಹೇಳಿದರು. ಅವಳು ಬಟ್ಟೆ ಕೊಟ್ಟಳು. ಅವರು ಹೋದ ಮೇಲೆ ಸೂಜಿಗೆ ದಾರ ಪೋಣಿಸಲು ಐದು ಸಲ ಬೇಕಾಯಿತು.

ಒಂಬತ್ತನೇ ದಿನದಿಂದ ಜಗಳಗಳು ಶುರುವಾದವು.

ಮೊದಲು ಡಾಕ್ಟರ ಹೆಂಡತಿ. ಪರದೆಯೊಳಗೆ ನುಗ್ಗಿ ಪುಸ್ತಕ ಬಿಚ್ಚಿದರು. "ಮೂವತ್ತೆರಡನೇ ಪುಟ. ತೋಳಿನ ಬಾಸುಂಡೆ ಕಂಡವರಿಗೆ ಬಾಗಿಲಿಗೆ ಕೈ ಸಿಕ್ಕಿತು ಅಂತ ಹೇಳ್ತಾಳಲ್ಲ ಇವಳು. ಅದು ನಾನು ನಿಮಗೆ ನಂಬಿ ಹೇಳಿದ್ದು. ಹೇಗ್ರೀ ಬರೆದ್ರಿ?"

"ನೀವು ನನಗೆ ಹಾಗೆ ಯಾವತ್ತೂ ಹೇಳಿಲ್ಲ."

"ಹೇಳಿಲ್ವಾ?" ಡಾಕ್ಟರ ಹೆಂಡತಿ ಸ್ಟೂಲಿನ ಮೇಲೆ ಕೂತರು. ಪುಸ್ತಕ ಮುಚ್ಚಿ, "ಹಾಗಾದ್ರೆ ನಾನು ಯಾರಿಗೂ ಹೇಳೇ ಇಲ್ಲ," ಅಂದರು.

ಮಧ್ಯಾಹ್ನ ಬೇಕರಿಯವಳು ಬಂದಳು. "ನನ್ನ ಮರ್ಯಾದೆ ಹರಾಜಿಗಿಟ್ಯಲ್ಲೇ!" ಮರುದಿನ ಸಂಗೀತದ ಟೀಚರ್, ದನಿಯೇ ಎತ್ತದೆ ಬೈದರು. ಆಮೇಲೆ ಬಸ್ ಕಂಡಕ್ಟರಮ್ಮ, ಟಿಕೆಟ್ ಮಷಿನ್ ಹೆಗಲಲ್ಲೇ ಇತ್ತು, "ಎಂಟು ನಿಮಿಷ ಸ್ಟಾಪ್ ಇದೆ, ಅಷ್ಟರಲ್ಲಿ ಉತ್ತರ ಹೇಳಿ. ಅದು ನಾನು ಅಂತ ನಿಮಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ಅವಳು ಒಬ್ಬಳ ಕಥೆ ಬರೆದಿದ್ದಳು. ಅದು ತನ್ನದೆಂದು ನಾಲ್ವರು ಬಂದು ಜಗಳ ಆಡಿದ್ದರು. ಇದೇ ಕೈಯಲ್ಲಿ ಈ ನಾಲ್ವರ ತೋಳನ್ನೂ ಅಳೆದಿದ್ದಳಲ್ಲ! ಉದ್ದ ತೋಳು, ಇಪ್ಪತ್ತೆರಡು ಇಂಚು ಎಂದು ಬರೆದುಕೊಂಡಿದ್ದೇ ಬಂತು, ಯಾಕೆ ಇಪ್ಪತ್ತೆರಡು ಎಂದು ಕೇಳಿರಲಿಲ್ಲ. ಈಗ ಬಂದ ಸಿಟ್ಟಿನ ಮುಂದೆ ಬೈಂಡರ್ ಮೇಲಿನ ಸಿಟ್ಟು ಏನೇನೂ ಅಲ್ಲ. ಟೇಪನ್ನು ಗೋಡೆಗೆ ಬೀಸಿ ಎಸೆದಳು. ಚಿಕ್ಕಮ್ಮ ಅದನ್ನೆತ್ತಿ ಸುರುಳಿ ಸುತ್ತಿಟ್ಟರು.

ಇಂಥ ಹೊತ್ತಿಗೇ ಪ್ರಕಾಶಕರು ಬರಬೇಕೇ! "ಎರಡನೇ ಮುದ್ರಣ ಕಣಮ್ಮಾ! ಈ ಸಲ ನಿನ್ನ ಹೆಸರೇ ದಪ್ಪಗೆ, ಹಿಂದೆ ನಿನ್ನ ಫೋಟೋ, ಹೊಲಿಗೆ ಮಷಿನ್ ಮುಂದೆ ಕೂತಿರೋ ಹಾಗೆ. ಹೆಂಗಸು ಬರೆದಿದ್ದು ಅಂದ್ರೆ ಈಗ ಓಡುತ್ತೆ."

"ಹೋದ ವರ್ಷ ಅಡುಗೆ ಪುಸ್ತಕ ಅಂದಿದ್ರಿ."

"ಕಾಲ ಬದಲಾಗುತ್ತಮ್ಮಾ."

"ಒಂದು ವರ್ಷದಲ್ಲಿ? ನಿಮ್ಮ ನಾಲಿಗೆಗೆ ಮೂಳೆ ಇಲ್ಲ ಅಂದ್ರೆ ಅದನ್ನ ಕಾಲದ ತಲೆಗೆ ಕಟ್ಟಬೇಡಿ. ಬೆನ್ನಿನ ಮೇಲೆ ಕಾಜ ಅಂತಲೇ ಇರಬೇಕು. ಫೋಟೋ ಇಲ್ಲ."

"ಊರಿಗೆಲ್ಲ ಗೊತ್ತಾಗಿದೆಯಲ್ಲಮ್ಮಾ!"

"ಇದೊಂದೂರಿಗೆ ಗೊತ್ತಾಗಿದೆ. ಇಲ್ಲಿಂದ ಬಸ್ ಹತ್ತಿ ಹೋಗೋರು ಯಾವ ಊರಲ್ಲಿ ಇಳೀತಾರೋ, ಅಲ್ಲಿ ಗೊತ್ತಾಗೋದು ಬೇಡ." ತಡೆದು, ಮತ್ತೆ ಹೇಳಿದಳು, "ಇನ್ನೊಂದು. ಒಳಗಿನ ಪುಟದಲ್ಲಿ 'ಕಾಜ ಒಬ್ಬ ಹೆಂಗಸು' ಅಂತ ಒಂದು ಸಾಲು ಹಾಕಿ. ಆ ರಿಟೈರ್ಡ್ ಜಡ್ಜ್‌ಗೆ ಇನ್ನೊಂದು ಚಪ್ಪಾಳೆಯೂ ಸಿಗಬಾರದು."

ಪ್ರಕಾಶಕರು ಬಂದ ದಾರಿಗೆ ಸುಂಕವಿಲ್ಲವೆಂದು, ಆಗಲಿ ಎಂದು ಗೊಣಗಿಕೊಂಡೇ ಎದ್ದುಹೋದರು.

ಹನ್ನೊಂದನೇ ದಿನ ಬೈಂಡರ್ ಬಂದ. ಗುಂಡಿಗಳೆಲ್ಲ ಇದ್ದವು, ಅದನ್ನೇ ಅವಳು ಮೊದಲು ನೋಡಿದ್ದು. ಮೆಟ್ಟಿಲ ಕೆಳಗೇ ನಿಂತ.

"ಕ್ಷಮಿಸಿ ಅಂತ ಕೇಳೋಕೆ ಬಂದಿಲ್ಲ," ಅಂದ. "ಏನು ಮಾಡ್ಲಿ ಅಂತ ಕೇಳೋಕೆ ಬಂದೆ. ಅವತ್ತು ಕೇಳಬೇಕಿತ್ತು, ಕೇಳಲಿಲ್ಲ."

ಅವಳು ಅವನನ್ನು ಅಳೆಯುವ ಹಾಗೆ ನೋಡಿದಳು. ಕಣ್ಣ ಕೆಳಗೆ ಕಪ್ಪು, ಉಗುರಿನಲ್ಲಿ ಒಣಗಿದ ಅಂಟು.

"ಹೆಡ್‌ಮಾಸ್ಟರ್ ಮನೆಗೆ ನೀವು ಹೋಗ್ತೀರಲ್ವಾ?"

"ಸ್ಕೂಲ್ ಲೈಬ್ರರಿಯ ಹರಿದ ಪುಸ್ತಕ ಎಲ್ಲ ನಾನೇ ಕಟ್ಟೋದು. ಮನೆಗೇ ತಲುಪಿಸಬೇಕು, ಒಂದೊಂದನ್ನೂ ಅವರೇ ನೋಡ್ತಾರೆ. ನಾಳೆ ಒಂದು ಪೆಟ್ಟಿಗೆ ಹೋಗೋದಿದೆ."

"ಅವರು ಸ್ಕೂಲಲ್ಲಿರೋವಾಗ ಹೋಗಿ." ಅವಳು ಕಪಾಟಿನಿಂದ ಕಂದು ಚೀಲ ತೆಗೆದಳು. "ಇದು ಪುಸ್ತಕಗಳ ಕೆಳಗೆ ಇರಲಿ. ಅವರ ಹೆಂಡತಿ ಕೈಗೇ ಕೊಡಬೇಕು. ಯಾಕೆ ಅಂತ ಕೇಳಬೇಡಿ."

ಅವನು ಚೀಲ ತೆಗೆದುಕೊಂಡ. ಕೇಳಲಿಲ್ಲ. ನಾಲ್ಕನೇ ಅಧ್ಯಾಯ ಓದಿ ಅತ್ತವನು ಚೀಲ ಹಿಡಿದ ರೀತಿಯಲ್ಲೇ ಅವನಿಗೆಲ್ಲ ಅರ್ಥವಾಯಿತೆಂದು ಅವಳಿಗೆ ತಿಳಿಯಿತು. ಅವನ ಮುಖ ಬಿಳುಚಿಕೊಂಡಿತ್ತು. "ಹೆಸರು ಮುಚ್ಚಿಟ್ಟಿದ್ದು ನಿಮಗೋಸ್ಕರ ಅಲ್ಲ ಅಂದಿದ್ರಲ್ಲ..." ಎಂದಷ್ಟೇ ಅಂದ.

ಮರುದಿನ ಅವಳು ಒಂದೇ ತೋಳನ್ನು ಎರಡು ಸಲ ತಿರುಗಾಮುರುಗಾ ಹೊಲಿದಳು. ಹನ್ನೆರಡಾಯಿತು. ಒಂದಾಯಿತು. ಒಂದೂವರೆಗೆ ಅವನು ಖಾಲಿ ಪೆಟ್ಟಿಗೆಯೊಂದಿಗೆ ಬಂದು ಒಂದು ಚೀಟಿ ಕೊಟ್ಟ. "ಏನೂ ಮಾತಾಡಲಿಲ್ಲ. ಇದನ್ನ ಬರೆದುಕೊಟ್ರು. ಅಳತೆಯಂತೆ."

ಚೀಟಿಯಲ್ಲಿ ಮೂರು ಸಾಲು. *ತೋಳು: ಆರು ಇಂಚು. ಉಳಿದದ್ದೆಲ್ಲ ಹಳೇ ಅಳತೆ. ವಿಳಾಸ ಆಮೇಲೆ ಬರೀತೀನಿ.*

ಅವಳು ಪರದೆಯೊಳಗೆ ಹೋಗಿ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವನು ಪರದೆಯ ಹೊರಗೇ ನಿಂತಿದ್ದ. ಒಳಗೆ ಬರಲಿಲ್ಲ, ಹೋಗಲೂ ಇಲ್ಲ. ಪರದೆಯ ಕೆಳಗೆ ಅವನ ಚಪ್ಪಲಿಗಳು ಕಾಣುತ್ತಿದ್ದವು. ಅವನ್ನೇ ನೋಡುತ್ತಾ ಅವಳು ಅಳು ಮುಗಿಸಿದಳು.

ಸಂಜೆ ಕಂಡಕ್ಟರಮ್ಮ ಬಾಗಿಲಲ್ಲೇ ನಿಂತು, "ಹೆಡ್‌ಮಾಸ್ಟರ್ ಮನೆಯವರನ್ನ ಮಧ್ಯಾಹ್ನದ ಬಸ್ಸಲ್ಲಿ ಮುಂದಿನ ಸೀಟಲ್ಲೇ ಕೂರಿಸ್ಕೊಂಡು ಹೋಗಿ ಬಿಟ್ಟೆ. ಎಲ್ಲಿಗೆ ಅಂತ ಯಾರು ಕೇಳಿದ್ರೂ ನನಗೆ ಗೊತ್ತಿಲ್ಲ," ಎಂದು ಹೇಳಿ ಓಡಿದಳು. ಎಂಟು ನಿಮಿಷ ಆಗಿತ್ತು.

ಎರಡನೇ ಮುದ್ರಣದ ಮೊದಲ ಪ್ರತಿಗೆ ಬೈಂಡರ್ ಅವಳನ್ನು ಕರೆದ. ಬೆಳಗಿನ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಬೆನ್ನು ಖಾಲಿ ಇದ್ದ ಪುಸ್ತಕವನ್ನು ಮುಂದಿಟ್ಟು, ಹಿತ್ತಾಳೆ ಅಕ್ಷರಗಳ ಟ್ರೇಯನ್ನು ಅವಳತ್ತ ಸರಿಸಿದ.

"ನೀವೇ ಜೋಡಿಸಿ. ಏನು ಬೇಕೋ ಅದು. ನಾನು ನೋಡೋದೂ ಇಲ್ಲ."

ನಿಜಕ್ಕೂ ಗೋಡೆಗೆ ತಿರುಗಿ ನಿಂತ. ಅವಳಿಗೆ ನಗು ಬಂತು, ನುಂಗಿಕೊಂಡಳು. ತಿರುವುಮುರುವಾಗಿ ಕೊರೆದ ಅಕ್ಷರಗಳಲ್ಲಿ ಹುಡುಕಿ ಎರಡನ್ನು ಆರಿಸಿದಳು. ಅಕ್ಷರ ಕೂರಿಸಿದ ಹಿಡಿಕೆ ಕಾಯಿಸಿದ ಮೇಲೆ ಅವನು ಪಕ್ಕಕ್ಕೆ ಬಂದ. ಅವಳ ಕೈಯ ಮೇಲೆ ಅವನ ಕೈ ಮುಟ್ಟಿಯೂ ಮುಟ್ಟದಷ್ಟು ಎತ್ತರದಲ್ಲಿ ನಿಂತಿತು.

"ಒತ್ತಿ. ಇನ್ನೂ. ಉಸಿರು ಬಿಡಬೇಡಿ... ಸಾಕು."

ಚಿನ್ನದ ಹಾಳೆ ಸುಲಿದಾಗ ಕೆಳಗೆ ಕಾಜ ಹೊಳೆಯಿತು. ಎಡಕ್ಕೆ ಕೂದಲೆಳೆಯಷ್ಟು ವಾಲಿತ್ತು. ಅವನು ಅದನ್ನು ಹೇಳಲಿಲ್ಲ, ಅವಳಿಗೇ ಕಂಡಿತು, ಇರಲಿ ಅಂದಳು.

"ಒಂದು ಮಾತು," ಅಂದ ಅವನು.

"ಆದದ್ದೆಲ್ಲ ಒಳ್ಳೇದಕ್ಕೇ ಆಯ್ತು ಅಂತ ಹೇಳಿದ್ರೆ ನೋಡಿ, ಈ ಬಿಸಿ ಹಿತ್ತಾಳೆ ಎಲ್ಲಿಗೆ ಇಡ್ತೀನಿ ಅಂತ!"

"ಹೇಳಲ್ಲ. ಆಗಿದ್ದು ತಪ್ಪೇ. ಆ ನೀಲಿ ಪುಸ್ತಕ ತಂದುಕೊಡಿ, ರಟ್ಟು ಬಿಚ್ಚಿ ಸುಟ್ಟು ಹಾಕ್ತೀನಿ ಅಂತ ಹೇಳೋಕಿದ್ದೆ."

ಅವಳು ಕೈಚೀಲದಿಂದ ನೀಲಿ ಪುಸ್ತಕ ತೆಗೆದಳು. ಅದರ ಸುತ್ತ ಬೂದುಬಣ್ಣದ ಬಟ್ಟೆಯ ಹೊದಿಕೆ ಹೊಲಿದಿದ್ದಳು. ಪಕ್ಕದಲ್ಲಿ ಒಂದೇ ಒಂದು ಕಾಜ, ಒಂದೇ ಒಂದು ಗುಂಡಿ. ಗುಂಡಿ ಅವನ ಹಳೆಯ ಅಂಗಿಯದು, ನೋಡಿದ ಕೂಡಲೇ ಅವನು ಗುರುತು ಹಿಡಿದ.

"ಇದು ನಿಮ್ಮ ಹತ್ರ ಇರಲಿ," ಅಂದಳು. "ಯಾರಿಗೂ ತೋರಿಸೋ ಹಾಗಿಲ್ಲ. ಅವತ್ತು ನೀವು ತಗೊಂಡಿದ್ರಿ. ಇವತ್ತು ನಾನು ಕೊಡ್ತಾ ಇದೀನಿ. ವ್ಯತ್ಯಾಸ ಗೊತ್ತಾಯ್ತಾ?"

"ಗೊತ್ತಾಯ್ತು." ಅವನು ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಗುಂಡಿ ಬಿಚ್ಚದೆ ಕೇಳಿದ. "ಇದರೊಳಗಿರೋ ಹೆಸರು ಹಿಡಿದು ಒಂದು ಸಲ ಕರೀಬಹುದಾ?"

ಕೇಳಿದನಲ್ಲ! ಕರೆಯುವ ಮೊದಲು ಕೇಳಿದನಲ್ಲ.

"ಇಲ್ಲಿ ಮಾತ್ರ," ಅಂದಳು.

ಅವನು ಕರೆದ. ಅಂಗಡಿಯ ಬೋರ್ಡಿನ ಮೇಲೆ ಹದಿನಾರು ವರ್ಷದಿಂದ ಬಿಸಿಲಿಗೆ ಬಣ್ಣ ಕಳೆದುಕೊಂಡ ಹೆಸರು ಅದು. ಅಷ್ಟು ಮೆಲ್ಲಗೆ ಅದನ್ನು ಯಾರೂ ಹೇಳಿರಲಿಲ್ಲ.

"ನನಗಿನ್ನೂ ಸಿಟ್ಟಿದೆ," ಅಂದಳು ಅವಳು, ಅವನ ಅಂಗಿಯ ಎರಡನೇ ಗುಂಡಿಯನ್ನೇ ನೋಡುತ್ತಾ.

"ಗೊತ್ತು."

"ಬೇಗ ಹೋಗಲ್ಲ ಅದು."

"ಇರಲಿ."

ಅವಳು ಆ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿದಳು. ಗಟ್ಟಿಯಾಗಿತ್ತು. ಬೆರಳು ತೆಗೆಯಲಿಲ್ಲ.

"ಇನ್ನೊಂದು ಸಲ ಕರಿ," ಅಂದಳು.